ಕಾಡಿನ ಬೆಂಕಿ ಫೆಬ್ರವರಿಯಲ್ಲಿ ಶುರುವಾಗುವುದಿಲ್ಲ: ಅರಣ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ಮಳೆಗಾಲ ಮುಗಿಯುತ್ತಾ ಬಂತು. ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಹುಲ್ಲು ಎತ್ತರಕ್ಕೆ ಬೆಳೆದು ನಿಂತಿದೆ, ಕೆರೆಗಳಲ್ಲಿ ನೀರಿದೆ, ಕಾಡು ಹಸಿರಾಗಿದೆ. ಇಂಥ ಹೊತ್ತಲ್ಲಿ ಬೆಂಕಿಯ ಬಗ್ಗೆ ಪತ್ರ ಯಾಕೆ ಅಂತ ನೀವು ಕೇಳಬಹುದು. ಬೆಂಕಿಯ ಬಗ್ಗೆ ಏನಾದರೂ ಮಾಡಲು ಆಗುವುದು ಈಗಲೇ, ಅದಕ್ಕೆ. ಫೆಬ್ರವರಿಯಲ್ಲಿ ಹೊಗೆ ಕಾಣಿಸಿದ ಮೇಲೆ ಉಳಿಯುವುದು ಓಡಾಟ ಮಾತ್ರ. ಆಗ ಟಿವಿಯವರು ಬರುತ್ತಾರೆ, ನೀವೂ ಬರುತ್ತೀರಿ, ಪಟ್ಟಣದಲ್ಲಿರುವವರು ಫೋನಿನಲ್ಲಿ ಫೋಟೊ ನೋಡಿ ಮರುಗುತ್ತಾರೆ. ಎರಡು ಮಳೆ ಬಿದ್ದರೆ ಎಲ್ಲರಿಗೂ ಮರೆತುಹೋಗುತ್ತದೆ. ಕಾಡಂಚಿನಲ್ಲಿ ಬದುಕುವ ನಾವು ಇದನ್ನು ನೋಡಿ ನೋಡಿ ಸಾಕಾಗಿದ್ದೇವೆ.

2019ರ ಫೆಬ್ರವರಿಯನ್ನು ನೀವು ಮರೆತಿರಲಾರಿರಿ. ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತಿದ ಬೆಂಕಿ ಗಾಳಿ ಸಿಕ್ಕಿದ್ದೇ ತಡ, ಬೆಟ್ಟದಿಂದ ಬೆಟ್ಟಕ್ಕೆ ಹಾರಿ ದಿನಗಟ್ಟಲೆ ಉರಿಯಿತು. ಮೈಸೂರು, ಬೆಂಗಳೂರಿನಿಂದ ನೂರಾರು ಜನ ಸ್ವಂತ ಖರ್ಚಲ್ಲಿ ಬಂದು ಕೈ ಜೋಡಿಸಿದರು. ಕಡೆಗೆ ವಾಯುಪಡೆಯ ಎಂ.ಐ.-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ತೂಗುಹಾಕಿಕೊಂಡು ನೀರು ಸುರಿದವು. ಆಮೇಲೆ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದಾಗ ಸುಟ್ಟಿದ್ದ ಜಾಗ 10,000 ಎಕರೆಗೂ ಜಾಸ್ತಿ. ಆ ದಿನಗಳಲ್ಲಿ ಯಾವುದೋ ದೇಶದ ಸುಟ್ಟ ಪ್ರಾಣಿಗಳ ಚಿತ್ರಗಳೂ ಬಂಡೀಪುರದ್ದೇ ಅಂತ ಹೇಳಿಕೊಂಡು ಮೊಬೈಲ್‌ಗಳಲ್ಲಿ ಓಡಾಡಿದವು. ಅದರಿಂದ ಒಂದು ಕೆಟ್ಟದ್ದಾಯಿತು. ಆನೆ ಸತ್ತಿಲ್ಲ, ಹುಲಿ ಸತ್ತಿಲ್ಲ ಅಂತ ಸಾಬೀತಾದ ಕೂಡಲೇ ಅಂಥದ್ದೇನೂ ಆಗಿಲ್ಲ ಬಿಡಿ ಅನ್ನುವ ಮಾತು ಬಂತು.

ಆಯಿತು ಸ್ವಾಮಿ, ಆಗಿತ್ತು. ಆನೆ, ಹುಲಿ, ಜಿಂಕೆ ಓಡುತ್ತವೆ. ಆಮೆ ಓಡುವುದಿಲ್ಲ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ತಾನು ಹಾರಿಹೋಗುತ್ತದೆ, ಮೊಟ್ಟೆ ಅಲ್ಲೇ ಉಳಿಯುತ್ತದೆ. ಮತ್ತಿಯಂಥ ದೊಡ್ಡ ಮರಗಳಿಗೆ ದಪ್ಪ ತೊಗಟೆ ಇದೆ, ಒಂದು ಬೆಂಕಿಯನ್ನು ಹೇಗೋ ತಡೆದುಕೊಳ್ಳುತ್ತವೆ. ಅವುಗಳ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಂದಿದ್ದ ಸಸಿಗಳು ಬೇರಿನ ತನಕ ಸುಡುತ್ತವೆ. ಮಳೆ ಬಂದಾಗ ಮತ್ತೆ ಚಿಗುರುತ್ತವೆ ನಿಜ. ಆದರೆ ಮುಂದಿನ ವರ್ಷ ಅಥವಾ ಅದರಾಚೆ ವರ್ಷ ಇನ್ನೊಂದು ಬೆಂಕಿ ಬಂದರೆ ಮತ್ತೆ ಮೊದಲಿಂದ. ಹೀಗೆ ಚಿಗುರುವುದು, ಸುಡುವುದು, ಚಿಗುರುವುದು ಆಗುತ್ತಿದ್ದರೆ ಸಸಿ ಯಾವತ್ತು ಮರವಾಗುವುದು? ಈಗಿರುವ ಹಿರಿಯ ಮರಗಳು ಬಿದ್ದ ಮೇಲೆ ಅವುಗಳ ಜಾಗಕ್ಕೆ ಬರುವ ಮರಗಳೇ ಇಲ್ಲದ ಕಾಡು ಎಷ್ಟೋ ಕಡೆ ತಯಾರಾಗುತ್ತಿದೆ. ಹಸಿರಾಗಿ ಕಾಣುವುದರಿಂದ ದಾರಿಯಲ್ಲಿ ಹೋಗುವವರಿಗೆ ಗೊತ್ತಾಗುವುದಿಲ್ಲ ಅಷ್ಟೆ.

ಹೆಲಿಕಾಪ್ಟರ್ ಬೇಡ ಅಂತ ನಾನು ಹೇಳುವುದಿಲ್ಲ. 2016ರಲ್ಲಿ ಉತ್ತರಾಖಂಡದ ಚಿರ್ ಪೈನ್ ಕಾಡುಗಳು ಹತ್ತಿ ಉರಿದಾಗ ಅಲ್ಲೂ ಅದನ್ನೇ ಬಳಸಿದರು, ಇಳಿಜಾರಿನ ಬೆಟ್ಟದಲ್ಲಿ ಮನುಷ್ಯ ಹೋಗಲಾಗದ ಜಾಗಗಳಿಗೆ ಅದು ಬೇಕು. ಆದರೆ ಬೆಂಕಿಯನ್ನು ಪೂರ್ತಿ ಆರಿಸುವುದು ಮೇಲಿನಿಂದ ಬೀಳುವ ನೀರಲ್ಲ. ಜ್ವಾಲೆ ಇಳಿದ ಮೇಲೂ ಬಿದ್ದ ಮರದ ದಿಮ್ಮಿ ಒಳಗೊಳಗೇ ಕೆಂಡವಾಗಿರುತ್ತದೆ. ಒಣಗಿದ ಆನೆ ಲದ್ದಿ ಹೊರಗೆ ಬೂದಿಯಂತೆ ಕಂಡರೂ ಕಾಲಿನಿಂದ ಒಡೆದು ನೋಡಿದರೆ ಒಳಗೆ ಕೆಂಪಗೆ ಕಣ್ಣು ಬಿಡುತ್ತದೆ. ಒಣಮರ ನಿಂತಲ್ಲೇ ಉರಿದು, ತುದಿಯಿಂದ ಕಿಡಿ ಉದುರಿಸಿ, ರಾತ್ರಿ ಯಾವ ಹೊತ್ತಲ್ಲೋ, ಬೆಂಕಿ ತಡೆಯಲು ಬರಿ ನೆಲ ಮಾಡಿಟ್ಟ ಬೆಂಕಿ ರೇಖೆಯ ಆಚೆಗೆ ಅಡ್ಡ ಬೀಳುತ್ತದೆ. ಅಲ್ಲಿಗೆ ಆರಿದ್ದ ಬೆಂಕಿ ಮಾರನೇ ದಿನ ಮಧ್ಯಾಹ್ನದ ಗಾಳಿಗೆ ಮತ್ತೆ ಎದ್ದಿತು ಅಂತ ಲೆಕ್ಕ. ಇವನ್ನೆಲ್ಲ ಒಂದೊಂದಾಗಿ ಹುಡುಕಿ, ಮಣ್ಣು ಮುಚ್ಚಿ, ನೀರು ಹಾಕಿ, ಪಕ್ಕದ ತರಗು ಗುಡಿಸಿ ಬರುವುದು ನೆಲದ ಮೇಲೆ ನಡೆಯುವ ಮನುಷ್ಯ. ಆ ಮನುಷ್ಯನ ಬಗ್ಗೆ ಮಾತಾಡಬೇಕು ಅಂತಲೇ ಈ ಪತ್ರ.

ಅವರನ್ನು ನೀವು ಫೈರ್ ವಾಚರ್ ಅನ್ನುತ್ತೀರಿ. ಬೇಸಿಗೆಯ ನಾಲ್ಕಾರು ತಿಂಗಳಿಗೆ ದಿನಗೂಲಿಯ ಮೇಲೆ ತೆಗೆದುಕೊಳ್ಳುತ್ತೀರಿ. ಹೆಚ್ಚಿನವರು ಕಾಡಂಚಿನ ಹಳ್ಳಿಗಳ, ಹಾಡಿ, ಪೋಡು ಅನ್ನುವ ಬುಡಕಟ್ಟು ಜನರ ಊರುಗಳ ಹುಡುಗರು. ಬೆಂಕಿ ಬಿತ್ತು ಅಂದಾಗ ಅವರು ಮೊದಲು ಮಾಡುವ ಕೆಲಸ ಹಸಿ ಸೊಪ್ಪಿನ ಕೊಂಬೆ ಮುರಿದುಕೊಳ್ಳುವುದು. ಎಲೆ ಜಾಸ್ತಿ ಇರಬೇಕು, ಕೊಂಬೆ ಬಳುಕಬೇಕು, ಇಲ್ಲದಿದ್ದರೆ ಬಡಿದಾಗ ಬೆಂಕಿ ಆರುವುದಿಲ್ಲ, ಕಿಡಿ ಆಚೆಗೆ ಹಾರುತ್ತದೆ. ಸಾಲಾಗಿ ನಿಂತು, ಬೆಂಕಿಯ ಎದುರಿಗೆ ಅಲ್ಲ, ಸುಟ್ಟ ಕಡೆಯಿಂದ, ಅಂಚಿನ ಉದ್ದಕ್ಕೂ ಬಡಿಯುತ್ತಾ ಹೋಗುತ್ತಾರೆ. ಹಾಗೆ ಬಡಿಯುವುದಕ್ಕೂ ಒಂದು ರೀತಿ ಇದೆ. ಮೇಲಿಂದ ಎತ್ತಿ ಹೊಡೆಯಬಾರದು, ಒತ್ತಿ ಎಳೆಯಬೇಕು, ಉರಿಯನ್ನು ಸುಟ್ಟ ಜಾಗದ ಕಡೆಗೇ ತಳ್ಳಬೇಕು. ಹೊಗೆಗೆ ಕಣ್ಣು ಬಿಡಲು ಆಗುವುದಿಲ್ಲ. ಗಾಳಿ ತಿರುಗಿದರೆ ಯಾವ ಕಡೆ ಓಡಬೇಕು ಅಂತ ಮೊದಲೇ ನೋಡಿಟ್ಟುಕೊಂಡಿರಬೇಕು. ಈಗ ಕೆಲವು ವಲಯಗಳಲ್ಲಿ ಬ್ಲೋವರ್ ಕೊಟ್ಟಿದ್ದೀರಿ, ಬೆನ್ನಿಗೆ ಕಟ್ಟುವ ಸ್ಪ್ರೇಯರ್ ಕೊಟ್ಟಿದ್ದೀರಿ, ಅದು ಒಳ್ಳೆಯ ಕೆಲಸ, ಸಂತೋಷ. ಆದರೆ ಹವಾಯಿ ಚಪ್ಪಲಿಯಲ್ಲಿ ಕೆಂಡದ ಮೇಲೆ ನಡೆಯುವ ಹುಡುಗರು ಇನ್ನೂ ಇದ್ದಾರೆ. ಒಂದು ಜೊತೆ ಒಳ್ಳೆಯ ಬೂಟು, ಬೆಂಕಿ ಬೇಗ ಹತ್ತದ ದಪ್ಪ ಬಟ್ಟೆ, ಕುಡಿಯಲು ಸಾಕಷ್ಟು ನೀರು, ಕೈ ಸುಟ್ಟರೆ ಹಚ್ಚಲು ಮುಲಾಮು. ಇಷ್ಟು ಕೇಳುವುದು ದುಬಾರಿ ಅಲ್ಲ ಅಲ್ವಾ?

2017ರಲ್ಲಿ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಒಬ್ಬ ಅರಣ್ಯ ರಕ್ಷಕ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಬೆಂಕಿ ಆರಿಸಲು ಹೋದ ಇನ್ನೊಬ್ಬರು ಸುಟ್ಟಗಾಯಗಳಿಂದ ಪ್ರಾಣ ಬಿಟ್ಟರು. ಅವರು ಇಲಾಖೆಯ ನೌಕರರು, ಹಾಗಾಗಿ ನಮಗೆ ವಿಷಯ ಗೊತ್ತಾಯಿತು, ಗೌರವ ಸಿಕ್ಕಿತು. ಅದೇ ಸಾಲಿನಲ್ಲಿ ಅದೇ ಹೊಗೆ ಕುಡಿಯುತ್ತಾ ನಿಲ್ಲುವ ದಿನಗೂಲಿಯವನ ಸ್ಥಿತಿ ಏನು? ಅವನಿಗೆ ಏನಾದರೂ ಆದರೆ ಮನೆಯವರು ಯಾರ ಬಾಗಿಲಿಗೆ ಹೋಗಬೇಕು? ಕೂಲಿಯ ವಿಷಯವಂತೂ ಹೇಳುವುದೇ ಬೇಡ. ಜನವರಿಯ ದುಡ್ಡು ಏಪ್ರಿಲ್‌ನಲ್ಲಿ ಬಂದರೆ ಪುಣ್ಯ ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕೂಲಿ ಸಿಗದವನು ಬೇರೆ ಕಡೆ ಶುಂಠಿ ಹೊಲದ ಕೆಲಸಕ್ಕೋ ಕಾಫಿ ತೋಟಕ್ಕೋ ಹೋಗುತ್ತಾನೆ. ಹೋಗದೆ ಏನು ಮಾಡುತ್ತಾನೆ? ಅವನು ಹೋದ ಮೇಲೆ ಆ ಕಾಡಿನ ದಾರಿ, ಹಳ್ಳ, ಗಾಳಿಯ ದಿಕ್ಕು ಗೊತ್ತಿರುವವರು ಅಲ್ಲಿ ಯಾರೂ ಉಳಿಯುವುದಿಲ್ಲ.

ಬೆಂಕಿ ರೇಖೆಯ ವಿಷಯಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಕಾಡಿನ ದಾರಿಗಳ ಎರಡೂ ಬದಿ, ವಲಯಗಳ ಗಡಿಯಲ್ಲಿ, ಹುಲ್ಲು ಪೊದೆ ಸವರಿ, ಒಣಗಲು ಬಿಟ್ಟು, ಆಮೇಲೆ ಜನ ಕಾವಲು ನಿಂತು ಅದನ್ನು ಸುಟ್ಟು ಬರಿ ನೆಲ ಮಾಡುವುದೇ ಬೆಂಕಿ ರೇಖೆ. ಇದನ್ನು ಸುತ್ತಲಿನ ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗ, ಬೆಳಗ್ಗೆ ಮಂಜು ಬೀಳುವ ಕಾಲದಲ್ಲೇ ಮುಗಿಸಬೇಕು. ಆಗ ಕಿಡಿ ಹಾರಿದರೂ ಆಚೆ ಹತ್ತುವುದಿಲ್ಲ. ಡಿಸೆಂಬರ್‌ನಲ್ಲಿ ಆಗಬೇಕಾದ್ದು ಅನುದಾನ ಬರಲಿಲ್ಲ, ಮಂಜೂರಾತಿ ಬರಲಿಲ್ಲ ಅಂತ ಜನವರಿ ಕೊನೆಗೆ ಹೋಯಿತು ಅಂದುಕೊಳ್ಳಿ. ಆಗ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ, ರೇಖೆ ಸುಡಲು ಇಟ್ಟ ಬೆಂಕಿಯೇ ಕೈ ತಪ್ಪುವ ಅಪಾಯ. ಸುಡದೆ ಬಿಟ್ಟರೆ ಸವರಿ ಹಾಕಿದ ಹುಲ್ಲು ಅಲ್ಲೇ ಒಣಗಿ ಇನ್ನಷ್ಟು ಕೆಟ್ಟದು. ಕಾಗದದ ಮೇಲೆ ಎರಡೂ ಸಲ ಒಂದೇ ಉದ್ದದ ರೇಖೆ ಆಗಿರುತ್ತದೆ. ಕಾಡಿನಲ್ಲಿ ಮಾತ್ರ ಒಂದು ಬೆಂಕಿ ತಡೆಯುತ್ತದೆ, ಇನ್ನೊಂದು ತಡೆಯುವುದಿಲ್ಲ.

ಇನ್ನು ಲಾಂಟಾನ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಒಣಕಾಡುಗಳ ಬೆಂಕಿಯ ಸ್ವಭಾವವನ್ನೇ ಅದು ಬದಲಾಯಿಸಿದೆ. ಅಮೆರಿಕ ಖಂಡದ ಗಿಡ, ಬ್ರಿಟಿಷರು ಸುಮಾರು ಇನ್ನೂರು ವರ್ಷಗಳ ಹಿಂದೆ ತೋಟದ ಅಂದಕ್ಕೆ ತಂದದ್ದು. ಈಗ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಎಲ್ಲಿ ನೋಡಿದರೂ ಅದೇ. ಬರಿ ಹುಲ್ಲು ತರಗಿಗೆ ಬೆಂಕಿ ಬಿದ್ದರೆ ಉರಿ ಮೊಣಕಾಲಿನ ಎತ್ತರ, ಬಡಿದು ಆರಿಸಬಹುದು. ಲಾಂಟಾನ ಪೊದೆಗೆ ಬಿದ್ದರೆ ಹತ್ತಿರ ನಿಲ್ಲಲು ಆಗುವುದಿಲ್ಲ. ಎಲೆ ಉದುರಿದ ಒಣ ಕಡ್ಡಿಗಳು ಚಟಪಟ ಸಿಡಿಯುತ್ತವೆ, ಮರವನ್ನು ತಬ್ಬಿಕೊಂಡು ಮೇಲಕ್ಕೆ ಹೋಗಿರುವ ಬಳ್ಳಿಯಂಥ ಕೊಂಬೆಗಳನ್ನು ಹಿಡಿದು ಉರಿ ಮರದ ನೆತ್ತಿಗೇ ಏರುತ್ತದೆ. ಸೊಪ್ಪಿನ ಕೊಂಬೆ ಹಿಡಿದವನು ಅಲ್ಲಿ ಏನು ಮಾಡಬೇಕು? ಹಿಂದೆ ಸರಿಯಬೇಕು ಅಷ್ಟೆ. ಸುಟ್ಟುಹೋದ ಜಾಗದಲ್ಲಿ ಮಳೆ ಬಿದ್ದ ಮೇಲೆ ಬುಡದಿಂದ ಮೊದಲು ಎದ್ದು ಬರುವುದೂ ಅದೇ ಲಾಂಟಾನ.

ಇಲ್ಲಿ ಈ ಕಾಡುಗಳ ಬುಡಕಟ್ಟು ಜನರಾದ ಸೋಲಿಗರ ಮಾತು ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಹಿರಿಯ ಸೋಲಿಗರು ತರಗು ಬೆಂಕಿ ಅಂತ ಒಂದರ ಬಗ್ಗೆ ಹೇಳುತ್ತಾರೆ. ಒಣಗಾಲದ ಶುರುವಿನಲ್ಲೇ, ನೆಲದಲ್ಲಿ ತೇವ ಇರುವಾಗಲೇ, ಉದುರಿದ ತರಗಿಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ತರಗನ್ನು ಮಾತ್ರ ತಿಂದು, ಅಲ್ಲಲ್ಲಿ ತಾನೇ ಆರುತ್ತಿತ್ತು. ಬೇಸಿಗೆಯ ಹೊತ್ತಿಗೆ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಅನ್ನುವ ಬದನಿಕೆಯೂ ಆ ಬೆಂಕಿಯಿಂದ ಹತೋಟಿಯಲ್ಲಿತ್ತು, ಪೊದೆ ಕಟ್ಟುತ್ತಿರಲಿಲ್ಲ, ದೂರದ ಪ್ರಾಣಿ ಕಾಣುತ್ತಿತ್ತು ಅಂತಲೂ ಹೇಳುತ್ತಾರೆ. 1974ರಲ್ಲಿ ಅದು ವನ್ಯಧಾಮ ಆಯಿತು. ಬೆಂಕಿ ಅಪರಾಧವಾಯಿತು. ಆಮೇಲೆ ಏನಾಯಿತು ಅಂತ ಅಲ್ಲಿ ವರ್ಷಗಟ್ಟಲೆ ಅಳೆದು ನೋಡಿದ ಸಂಶೋಧಕರು ಬರೆದಿದ್ದಾರೆ. 1997ರಿಂದ 2008ರ ನಡುವೆ ಲಾಂಟಾನ ಹರಡಿದ ಜಾಗ ಹತ್ತಿರ ಹತ್ತಿರ ಎರಡು ಪಟ್ಟಾಯಿತು.

ಇದನ್ನು ಹೇಳಿದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಹಾಗಾದರೆ ಎಲ್ಲರೂ ಬೆಂಕಿ ಹಚ್ಚಲಿ ಅಂತೀರಾ ಅಂತ ಕೇಳುತ್ತೀರಿ. ಇಲ್ಲ, ಹಾಗೆ ಹೇಳುತ್ತಿಲ್ಲ. ಲಾಂಟಾನ ಇಷ್ಟು ದಟ್ಟವಾಗಿ ತುಂಬಿರುವ ಇವತ್ತಿನ ಕಾಡಿನಲ್ಲಿ ಆ ಹಳೆಯ ಸಣ್ಣ ಬೆಂಕಿಯೂ ಸಣ್ಣದಾಗಿ ಉಳಿಯುವುದಿಲ್ಲ. ಮೊದಲು ಲಾಂಟಾನವನ್ನು ಬುಡದಿಂದ ತೆಗೆಯಬೇಕು, ತೆಗೆದ ಜಾಗದಲ್ಲಿ ಹುಲ್ಲು ಬರುವ ಹಾಗೆ ನೋಡಿಕೊಳ್ಳಬೇಕು, ಮತ್ತೆ ಬರುವ ಸಸಿಗಳನ್ನು ಎರಡು ಮೂರು ವರ್ಷ ಕೀಳುತ್ತಲೇ ಇರಬೇಕು. ಒಮ್ಮೆ ಯಂತ್ರ ತಂದು ಎತ್ತಿಸಿ ಫೋಟೊ ತೆಗೆದು ಹೋದರೆ ಪ್ರಯೋಜನ ಇಲ್ಲ. ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಾಂಟಾನ ಕಡ್ಡಿಯಿಂದ ಕುರ್ಚಿ, ಆನೆಯ ಆಕೃತಿಗಳನ್ನು ಮಾಡಿ ಮಾರುತ್ತಾರೆ, ಆ ಕೆಲಸಕ್ಕೆ ಇನ್ನೂ ನೂರು ಊರುಗಳಲ್ಲಿ ಜನ ಸಿಗುತ್ತಾರೆ. ಆಮೇಲೆ, ಆಯ್ದ ಕೆಲವು ಜಾಗಗಳಲ್ಲಿ, ಹಿರಿಯ ಸೋಲಿಗರನ್ನೂ ವಿಜ್ಞಾನಿಗಳನ್ನೂ ನಿಮ್ಮ ಸಿಬ್ಬಂದಿಯನ್ನೂ ಜೊತೆಗೆ ನಿಲ್ಲಿಸಿಕೊಂಡು ಒಣಗಾಲದ ಶುರುವಿನಲ್ಲೇ ಸುಡುವುದನ್ನು ಮಾಡಿ ನೋಡಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. 2006ರ ಅರಣ್ಯ ಹಕ್ಕು ಕಾಯ್ದೆಯೇ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರ ಕೊಟ್ಟಿದೆ. ಅಂದರೆ ಅವರನ್ನು ಕರೆದು ಕೂರಿಸಿ ಕೇಳುವುದು ನೀವು ಮಾಡುವ ಉಪಕಾರ ಅಲ್ಲ, ಕಾನೂನಿನಂತೆ ನಡೆಯಬೇಕಾದ ಕೆಲಸ.

ಬೆಂಕಿ ಯಾರು ಹಚ್ಚುತ್ತಾರೆ ಅನ್ನುವ ಪ್ರಶ್ನೆಗೆ ಬರೋಣ. ನಮ್ಮ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ, ಹೆಚ್ಚುಕಮ್ಮಿ ಪ್ರತಿ ಬೆಂಕಿಯ ಹಿಂದೆಯೂ ಮನುಷ್ಯನ ಕೈ ಇದೆ. ಹೊಸ ಹುಲ್ಲು ಬರಲಿ ಅಂತ ದನ ಮೇಯಿಸುವವರು ಹಚ್ಚುತ್ತಾರೆ. ಉದುರಿದ ಜಿಂಕೆ ಕೊಂಬು ಕಣ್ಣಿಗೆ ಬೀಳಲಿ ಅಂತ ಹಚ್ಚುವವರಿದ್ದಾರೆ. ಕಾರಿನ ಕಿಟಕಿಯಿಂದ ಸಿಗರೇಟು ಎಸೆಯುವವರಿದ್ದಾರೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕಾಡಿನ ದಾರಿಯಲ್ಲಿ ಸಾವಿರಾರು ಜನ ನಡೆದು ಹೋಗುತ್ತಾರೆ, ದಾರಿಯುದ್ದಕ್ಕೂ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಾರೆ, ಅದು ಸರಿಯಾಗಿ ಕಾಡು ಒಣಗಿ ನಿಂತಿರುವ ಸಮಯ. ಮಾದಪ್ಪನ ಪರಿಷೆಯನ್ನು ತಡೆಯಿರಿ ಅಂತ ಯಾರೂ ಹೇಳಲಾರರು. ತಂಗುವ ಜಾಗಗಳನ್ನು ಮೊದಲೇ ಸವರಿ ಬರಿ ನೆಲ ಮಾಡಿ, ಒಲೆ ಹೂಡುವ ಜಾಗ ಗುರುತಿಸಿ, ನೀರಿನ ಡ್ರಮ್ ಇಟ್ಟು, ಎದ್ದು ಹೋಗುವಾಗ ಒಲೆಗೆ ನೀರು ಹಾಕಿಸುವ ನಾಲ್ಕು ಜನರನ್ನು ನಿಲ್ಲಿಸಿ. ಭಕ್ತರೇ ಮಾಡುತ್ತಾರೆ, ಹೇಳುವವರು ಬೇಕು ಅಷ್ಟೆ.

ಇನ್ನೊಂದು ಕಾರಣ ಸಿಟ್ಟು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ಆನೆ ಒಂದು ರಾತ್ರಿಯಲ್ಲಿ ಇಡೀ ವರ್ಷದ ಬೆಳೆ ತುಳಿದು ಹೋಗಿರುತ್ತದೆ. ಹಸುವನ್ನು ಹುಲಿ ಹಿಡಿದಿರುತ್ತದೆ. ಪರಿಹಾರಕ್ಕೆ ಅರ್ಜಿ ಹಾಕಿದವನು ಕಚೇರಿಗೆ ಅಲೆದು ಚಪ್ಪಲಿ ಸವೆಸಿರುತ್ತಾನೆ. ಸೌದೆ ತಂದದ್ದಕ್ಕೆ ಕೇಸು ಬಿದ್ದಿರುತ್ತದೆ. ಇಂಥವನೊಬ್ಬ ಬೇಸಿಗೆಯಲ್ಲಿ ಕಡ್ಡಿ ಗೀರಿದರೆ ಅದು ತಪ್ಪು, ಅಪರಾಧ, ಅದನ್ನು ನಾನು ಸಮರ್ಥಿಸುವುದಿಲ್ಲ. ಅವನು ಸುಟ್ಟದ್ದು ತನ್ನ ಮಕ್ಕಳ ನೀರನ್ನೇ. ಆದರೆ ಅವನೊಬ್ಬನನ್ನು ಹಿಡಿದು ಒಳಗೆ ಹಾಕಿದರೆ ಊರಿನ ಸಿಟ್ಟು ಇಳಿಯುತ್ತದೆಯೇ? ಪರಿಹಾರದ ಹಣ ಬೆಂಕಿ ಕಾಲಕ್ಕೆ ಮೊದಲೇ ಕೈಗೆ ಬಂದ ಊರಿನಲ್ಲಿ ಹೊಗೆ ಕಂಡರೆ ಜನ ಓಡಿ ಬಂದು ನಿಲ್ಲುತ್ತಾರೆ. ಬಾರದ ಊರಿನಲ್ಲಿ ಜನ ಕೈಕಟ್ಟಿ ನೋಡುತ್ತಾರೆ. ಇದು ನಿಮ್ಮ ಕೆಳಗಿನ ಸಿಬ್ಬಂದಿಗೆ ಚೆನ್ನಾಗಿ ಗೊತ್ತು, ಅವರನ್ನೇ ಕೇಳಿ ನೋಡಿ.

ಬೆಟ್ಟ ಹತ್ತಲು ಬರುವ ಗೆಳೆಯರಿಗೂ ಒಂದು ಮಾತು, ಈ ಪತ್ರ ಅವರ ಕಣ್ಣಿಗೂ ಬೀಳುತ್ತದೆ ಅಂತ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಬೆಂಕಿಗೆ ಸಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಹೋಗುವ ವೇಗಕ್ಕೆ ಮನುಷ್ಯ ಓಡಲಾರ. ಉರಿ ತನ್ನ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಕಾಯಿಸಿಟ್ಟಿರುತ್ತದೆ. ಮುಳ್ಳಯ್ಯನಗಿರಿ, ಕುದುರೆಮುಖ, ಕುಮಾರ ಪರ್ವತದ ಹುಲ್ಲಿನ ಬೆಟ್ಟಗಳೂ ಹಾಗೆಯೇ. ಬೇಸಿಗೆಯಲ್ಲಿ ದಾರಿ ಮುಚ್ಚಿದ್ದಾರೆ ಅಂದರೆ ಗೈಡ್‌ಗೆ ದುಡ್ಡು ಕೊಟ್ಟು ಹಿಂದಿನಿಂದ ಹತ್ತಬೇಡಿ, ದಯವಿಟ್ಟು.

ಆ ಬೆಟ್ಟಗಳ ವಿಷಯದಲ್ಲಿ ಇನ್ನೊಂದು ಭಯ ಇದೆ. ಹುಲ್ಲು ಸುಟ್ಟರೂ ಮೊದಲ ಮಳೆಗೆ ಮತ್ತೆ ಹಸಿರಾಗುತ್ತದೆ, ಅದನ್ನು ನೋಡಿ ಏನೂ ಆಗಲಿಲ್ಲ ಅನ್ನಿಸುತ್ತದೆ. ಕಣಿವೆಯ ಮಡಿಲಲ್ಲಿ ಅಡಗಿ ನಿಂತಿರುವ ಶೋಲಾ ಕಾಡಿನ ಅಂಚು ಹಾಗಲ್ಲ. ತೇವದಲ್ಲಿ ಬೆಳೆದ ಮರಗಳು, ತೆಳು ತೊಗಟೆ, ಬೆಂಕಿಯ ಅಭ್ಯಾಸವೇ ಇಲ್ಲ. ಪ್ರತಿ ಸಲ ಬೆಂಕಿ ಬಂದಾಗಲೂ ಅಂಚು ಕೆಲವು ಅಡಿ ಒಳಗೆ ಸರಿಯುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ಬೇಸಿಗೆಯಲ್ಲೂ ಹಳ್ಳದಲ್ಲಿ ನೀರು ಹರಿಯುತ್ತಿದೆ ಅಂದರೆ ಅದು ಶೋಲಾ ಹಿಡಿದಿಟ್ಟು ಬಿಡುತ್ತಿರುವ ನೀರು.

ಉಪಗ್ರಹ ಇದೆಯಲ್ಲ ಅಂತ ನೀವು ಹೇಳಬಹುದು. ಹೌದು, ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಬೆಂಕಿಯ ಎಚ್ಚರಿಕೆಯನ್ನು ಮೊಬೈಲ್‌ಗೇ ಕಳಿಸುತ್ತಾರೆ, ಅದು ದೊಡ್ಡ ಅನುಕೂಲ. ಆದರೆ ಆ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ಮೇಲೆ ಹಾದುಹೋಗುತ್ತವೆ, ಅವು ನೋಡುವ ಒಂದೊಂದು ಚುಕ್ಕೆಯೂ ನೆಲದಲ್ಲಿ ನೂರಾರು ಮೀಟರ್ ಅಗಲ. ಮರದ ನೆರಳಿನಡಿ ತರಗಿನಲ್ಲಿ ಹರಿದಾಡುವ ಸಣ್ಣ ಬೆಂಕಿ ಅದಕ್ಕೆ ಕಾಣದೆಯೂ ಹೋಗಬಹುದು. ಬೆಟ್ಟದ ಮೇಲಿನ ವಾಚ್ ಟವರ್‌ನಲ್ಲಿ ಕೂತ ಮನುಷ್ಯನಿಗೆ ಹೊಗೆಯ ಎಳೆ ಅದಕ್ಕಿಂತ ಮೊದಲು ಕಾಣುತ್ತದೆ. ಅವನ ಹತ್ತಿರ ಕೆಲಸ ಮಾಡುವ ವಾಕಿಟಾಕಿ ಇದ್ದರೆ.

ಹಾಗಾಗಿ ನಾನು ಕೇಳುವುದು ಇಷ್ಟು. ಬೆಂಕಿ ಕಾಲದ ಹಣ ಅಕ್ಟೋಬರ್ ಮುಗಿಯುವ ಮೊದಲು ಪ್ರತಿ ವಲಯಕ್ಕೂ ತಲುಪಲಿ. ದೀಪಾವಳಿ ಕಳೆದ ಕೂಡಲೇ ಬೆಂಕಿ ರೇಖೆಯ ಕೆಲಸ ಶುರುವಾಗಲಿ, ಎಲ್ಲಿಂದ ಎಲ್ಲಿಗೆ ಯಾವತ್ತು ಸವರಿದರು, ಯಾವತ್ತು ಸುಟ್ಟರು ಅಂತ ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಬರೆದು ಹಾಕಿ, ಊರಿನವರೇ ಹೋಗಿ ನೋಡಲಿ. ಫೈರ್ ವಾಚರ್‌ಗಳ ಕೂಲಿ ವಾರವಾರ ಅವರ ಖಾತೆಗೆ ಬೀಳಲಿ, ವಿಮೆ ಕೆಲಸದ ಮೊದಲ ದಿನದಿಂದಲೇ ಇರಲಿ, ಒಂದು ಬೇಸಿಗೆ ಚೆನ್ನಾಗಿ ಕೆಲಸ ಮಾಡಿದವನನ್ನು ಮುಂದಿನ ಬೇಸಿಗೆಗೂ ಕರೆಯಿರಿ. ಮಳೆಗಾಲದಲ್ಲಿ ಅವರನ್ನು ಮನೆಗೆ ಕಳಿಸುವ ಬದಲು ಲಾಂಟಾನ ಕೀಳುವ ಕೆಲಸ ಕೊಟ್ಟರೆ ಅವರಿಗೂ ವರ್ಷವಿಡೀ ದುಡಿಮೆ, ನಿಮಗೂ ಬೇಸಿಗೆಯ ಬೆಂಕಿ ಕಮ್ಮಿ. ಬಾಕಿ ಇರುವ ಬೆಳೆ ಪರಿಹಾರದ ಅರ್ಜಿಗಳನ್ನು ಡಿಸೆಂಬರ್ ಒಳಗೆ ಮುಗಿಸಿ. ತರಗು ಬೆಂಕಿಯ ಬಗ್ಗೆ ಸೋಲಿಗರ ಹಿರಿಯರ ಜೊತೆ ಒಂದು ಸಭೆಯನ್ನು ಈ ನವೆಂಬರ್‌ನಲ್ಲೇ ಕರೆಯಿರಿ, ಬೆಂಗಳೂರಿನಲ್ಲಿ ಬೇಡ, ಅವರ ಪೋಡಿನಲ್ಲೇ ಕೂತು ಮಾತಾಡಿ. ಹುಲ್ಲು ಆಗಲೇ ತುದಿಯಲ್ಲಿ ಹಳದಿಗೆ ತಿರುಗುತ್ತಿದೆ. ಸಭೆಯ ದಿನ ತಿಳಿಸಿದರೆ ನಮ್ಮ ಊರುಗಳಿಂದಲೂ ಬರುತ್ತೇವೆ.

ಇಂತಿ,
ಕಾಡಂಚಿನ ಊರಿನ ಒಬ್ಬ ನಿವಾಸಿ